ಕೆಟುರಾ ಎದುರಾದ ದಿನ

ಕೆಟುರಾ ಪ್ರೋಬರ್ಟಳ ಎಡಗಣ್ಣು ಚಾಪೆಲ್ ಕಡೆ ನೋಡಿದರೆ ಬಲಗಣ್ಣು ಹೆಂಡದಂಗಡಿ ಕಡೆ ನೋಡುತ್ತದೆ ಎಂಬ ಮಾತನ್ನು ನಮ್ಮ ಹೆಲಿಗ್ ಕಣಿವೆಯಲ್ಲಿ ಹುಟ್ಟುಹಾಕಿದವಳು ಸ್ವತಃ ಕೆಟುರಾಳೇ. ಬೇರೆಯವರು ಆಡಿಕೊಳ್ಳುವ ಮುಂಚೆ ತಾನೇ ಆಡಿಕೊಂಡುಬಿಟ್ಟರೆ ಅರ್ಧ ಉರಿ ಕಡಿಮೆ ಅನ್ನುವುದು ಅವಳ ಲೆಕ್ಕಾಚಾರ. "ಉಪದೇಶ ಮಾಡೋವಾಗ ನಾನು ಅವರನ್ನೇ ನೋಡ್ತಿದೀನಿ ಅಂತ ಪಾದ್ರಿಗಳು ಖುಷಿಪಡ್ತಾರೆ. ಪಾಪ, ನಾನು ನೋಡ್ತಿರೋದು ಅವರ ಹಿಂದಿರೋ ಗಡಿಯಾರ," ಎಂದು ಹೇಳಿ ನಲ್ಲಿಯ ಹತ್ತಿರ ಸೇರಿದ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು.

ನಗು ಹಗಲಿಗೆ ಸರಿ. ಬೆಳಗಿನ ಪಾಳಿಯ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಗಂಡಸರು ಕಲ್ಲಿದ್ದಲ ಗಣಿಗೆ ಹೋಗುವ ದಾರಿಯಲ್ಲಿ ಹೆಂಗಸು ಎದುರಾಗಬಾರದು, ಅದರಲ್ಲೂ ಮೆಳ್ಳೆಗಣ್ಣಿನವಳು ಸುತರಾಂ ಎದುರಾಗಬಾರದು. ಎದುರಾದರೆ ಅವತ್ತು ಗಣಿಯ ಸೂರು ತಲೆಯ ಮೇಲೆ ಬೀಳುತ್ತದೆ. ಹಾಗೆ ಎದುರಾದ ದಿನ ಎಂಥ ಗಟ್ಟಿಗನೂ ಗಣಿಗೆ ಒಯ್ಯುವ ದೀಪವನ್ನು ಮುಟ್ಟದೆ ಮನೆಗೆ ತಿರುಗುತ್ತಿದ್ದ. ಈ ಶಾಸ್ತ್ರಕ್ಕೆ ಒಂದು ರಿಯಾಯಿತಿಯೂ ಇತ್ತು: ಮನೆಯವರ ಮುಖ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಮದುವೆಯಾದ ಒಬ್ಬ ಗಂಡಸೂ ಕೆಲಸಕ್ಕೆ ಹೋಗುವ ಹಾಗಿರಲಿಲ್ಲವಲ್ಲ! ಶಾಸ್ತ್ರ ಮಾಡಿದವರಿಗೆ ಅಷ್ಟು ಬುದ್ಧಿಯಾದರೂ ಇತ್ತು.

ಹೀಗಾಗಿ ಕೆಟುರಾ ಪ್ರತಿದಿನ ಬೆಳಗ್ಗೆ ಮಗ ಗೋಮರನಿಗೆ ರೊಟ್ಟಿ ಚೀಸು ಕಟ್ಟಿಕೊಟ್ಟು, ಅವನನ್ನು ಕಳಿಸಿ, ಪರದೆ ಎಳೆದು ಒಳಗೆ ಕೂರುತ್ತಿದ್ದಳು. ಹೊರಗೆ ಮೊಳೆ ಹೊಡೆದ ಬೂಟುಗಳು ಕಲ್ಲುಹಾಸಿನ ಮೇಲೆ ಸದ್ದು ಮಾಡುತ್ತಾ ಇಳಿದು ಹೋಗುತ್ತಿದ್ದವು. ಎಲ್ಲರಿಗಿಂತ ಕೊನೆಗೆ ಬರುವವನು ಮುದುಕ ಎಬೆನೀಜರ್. ಕೆಟುರಾಳ ಗಂಡ ಇಥೆಲ್ ಬದುಕಿದ್ದಾಗ ಅವನ ಜೊತೆಗಾರನಾಗಿ ಒಂದೇ ಜಾಗದಲ್ಲಿ ಕಲ್ಲಿದ್ದಲು ಕಡಿದವನು. ಅವನು ಅವಳ ಕಿಟಕಿ ತಟ್ಟಿ, "ದಾರಿ ಖಾಲಿ ಕಣಮ್ಮ, ಇನ್ನು ನಿಂದೇ ರಾಜ್ಯ!" ಎಂದು ಕೂಗಿ, ಅವಳು ಪರದೆ ಸರಿಸುವಷ್ಟರಲ್ಲಿ ಓಟ ಕೀಳುತ್ತಿದ್ದ. ಉಪಕಾರ ಮಾಡುವವನೂ ಓಡುತ್ತಿದ್ದ, ನೋಡಿ.

ಆ ಭಾನುವಾರ ಸಂಜೆ ಎಬೆನೀಜರ್ ಅವಳ ಅಡುಗೆಮನೆಯಲ್ಲಿ ಬೆಂಕಿಗೆ ಕಾಲು ಚಾಚಿಕೊಂಡು ಕೂತಿದ್ದ. ಕೆಟುರಾ ಹೆಂಚಿನ ಮೇಲೆ ಒಣದ್ರಾಕ್ಷಿಯ ಬಿಲ್ಲೆಗಳನ್ನು ಸುಡುತ್ತಿದ್ದಳು, ಅವನು ಅವು ಆರುವುದಕ್ಕೂ ಬಿಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಗೋಮರ್ ಚಾಪೆಲ್ಲಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ದ. ನಾಲ್ಕನೆಯ ಬಿಲ್ಲೆ ಮುಗಿಸಿ ಎಬೆನೀಜರ್ ಬಾಯಿ ಒರೆಸಿಕೊಂಡ.

"ಕೆಟುರಾ, ನಿನ್ನ ಮಗ ಸೂರಿನ ಕೆಳಗೆ ಕೂತು ಕೆಲಸ ಮಾಡ್ತಿಲ್ಲ. ದೇವರ ದಯೆ ಕೆಳಗೆ ಕೂತು ಮಾಡ್ತಿದಾನೆ."

"ಒಗಟು ಬೇಡ ಎಬೆನಣ್ಣ. ಹೊಟ್ಟೆ ತುಂಬಾ ತಿಂದಿದೀಯ, ನೆಟ್ಟಗೆ ಮಾತಾಡು."

"ಸಂತೇಲಿ ಮಡಕೆ ಕೊಳ್ಳೋವಾಗ ತಟ್ಟಿ ನೋಡಲ್ವಾ? ನಾವೂ ಗುದ್ದಲಿ ಹಿಡಿಯಿಂದ ಸೂರು ತಟ್ತೀವಿ. ಗಟ್ಟಿ ಇದ್ರೆ ಖಣ್ ಅನ್ನುತ್ತೆ. ಗೋಮರನ ಜಾಗದಲ್ಲಿ ಬದ್ ಅಂತಿದೆ. ಒಡಕು ಮಡಕೆ ಕಣಮ್ಮ. ಮೇಲಿನ ಕಲ್ಲು ಆಗಲೇ ಬಿಟ್ಕೊಂಡಿದೆ, ಪುಡಿ ಉದುರ್ತಿದೆ. ಸೂರು ಬೀಳದ ಹಾಗೆ ಊರೆಗೆ ಕೊಟ್ಟಿರೋ ಮರ ನೋಡಿದ್ರೆ ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಕುದುರೆ ಗಾಡಿ ಹೊಡೀಬಹುದು."

ಕೆಟುರಾಳ ಕೈಯಲ್ಲಿದ್ದ ಸಟ್ಟುಗ ನಿಂತಿತು. "ಇನ್ನಷ್ಟು ಮರ ಕೊಡಲ್ವಾ?"

"ಕೊಡ್ತಾರೆ, ಮರದ ಹಡಗು ಬಂದ ಮೇಲೆ. ಮ್ಯಾನೇಜರ್ ಬೀವನ್ ಸಾಹೇಬರ ಆ ಹಡಗು ನೋಹನ ಕಾಲದಿಂದ ಬರ್ತಾನೇ ಇದೆ."

"ನನ್ನ ಮಗನಿಗೆ ಹೇಳಿದ್ಯಾ?"

"ಹೇಳ್ದೆ. 'ಎಬೆನ್ ಮಾಮ, ನಿಮ್ಮ ಮಂಡಿ ಚಿಪ್ಪು ತಟ್ಟಿದ್ರೂ ಬದ್ ಅನ್ನುತ್ತೆ, ಹಾಗಂತ ನೀವು ಬಿದ್ದಿದೀರಾ?' ಅಂದ."

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ," ಎಂದಳು ಕೆಟುರಾ. "ನನ್ನ ಹೆಗ್ಗಣಕ್ಕೆ ಬಾಯಿ ಇದೆ, ಕಿವಿ ಇಲ್ಲ." ತಮಾಷೆ ನಾಲಿಗೆಗೆ ತಾನಾಗಿ ಬಂತು. ಆದರೆ ಇಥೆಲನನ್ನು ತಿಂದದ್ದೂ ಸೂರೇ. ಗೋಮರ್ ಆಗ ತೊಟ್ಟಿಲಲ್ಲಿದ್ದ.

ಒಬ್ಬನೇ ಹೋಗಿ ಮರ ಕೇಳಿದರೆ ಏನಾಗುತ್ತದೆಂದು ಎಬೆನೀಜರ್ ವಿವರಿಸಿದ. ಹೋದ ತಿಂಗಳು ಹಾಗೆ ಬಾಯಿಬಿಟ್ಟವನು ಈಗ ಗಣಿಯಂಗಳದ ಲಾಯದಲ್ಲಿ ಕುದುರೆ ಲದ್ದಿ ಬಳಿಯುತ್ತಿದ್ದಾನಂತೆ. ಇಡೀ ಪಾಳಿ ಕೆಲಸ ನಿಲ್ಲಿಸಿದರೆ ಮಾತ್ರ ಬೀವನ್ ಸಾಹೇಬರಿಗೆ ಕಿವಿ ಕೇಳಿಸುತ್ತದೆ. ಆದರೆ ಒಬ್ಬನ ತಲೆಯ ಮೇಲಿನ ಕಲ್ಲಿಗೋಸ್ಕರ ಇಡೀ ಪಾಳಿ ಯಾಕೆ ನಿಂತೀತು?

"ಇಡೀ ಪಾಳಿ ನಿಲ್ಲಿಸೋದು ಹೇಗೆ ಹಾಗಾದ್ರೆ?" ಎಂದು ಕೇಳಿದಳು.

"ಅದೇನು ಮಹಾ! ನೀನು ಹೋಗಿ ದಾರೀಲಿ ನಿಂತ್ಕೋ, ಆಯ್ತಲ್ಲ!" ಎಂದು ಎಬೆನೀಜರ್ ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕ. ಬಿಲ್ಲೆಯ ಚೂರು ಗಂಟಲಿಗೆ ಸಿಕ್ಕಿ ಕೆಮ್ಮಿದ. ಕೆಮ್ಮು ನಿಂತಮೇಲೆ ನೋಡುತ್ತಾನೆ, ಕೆಟುರಾ ನಗುತ್ತಿಲ್ಲ. ಅವಳ ಮಾತಿಗೆ ಊರು ನಗದೆ ಇದ್ದದ್ದುಂಟು, ಊರಿನ ಮಾತಿಗೆ ಅವಳು ನಗದೆ ಇದ್ದದ್ದಿಲ್ಲ. ಮುದುಕನಿಗೆ ಹೆದರಿಕೆಯಾಯಿತು.

"ತಮಾಷೆಗೆ ಅಂದೆ ಕಣಮ್ಮ."

"ನಾನೂ ತಮಾಷೆಗೇ ಕೇಳಿಸ್ಕೊಂಡೆ. ಇನ್ನೊಂದು ಬಿಲ್ಲೆ ತಗೋ."

ಮಾರನೆಯ ದಿನ ಬೆಳಗ್ಗೆ ಕೆಟುರಾ ಪರದೆ ಎಳೆಯಲಿಲ್ಲ. ಗೋಮರ್ ಹೊಸ್ತಿಲು ದಾಟಿದ್ದೇ ತಡ, ಭಾನುವಾರದ ಕರಿ ಟೋಪಿ ಹಾಕಿಕೊಂಡು, ಶಾಲು ಹೊದ್ದು, ಹಿತ್ತಲ ಓಣಿಯಲ್ಲಿ ಲಗುಬಗೆಯಿಂದ ಇಳಿದಳು. ಅಪಶಕುನವೇ ಆಗುವುದಾದರೆ ನೆಟ್ಟಗೆ ಬಟ್ಟೆಯುಟ್ಟುಕೊಂಡು ಆಗಬೇಕು ಎನ್ನುವಷ್ಟು ಮರ್ಯಾದೆ ಅವಳಿಗಿತ್ತು. ಹಳ್ಳದ ಸೇತುವೆಯ ಹತ್ತಿರ ದಾರಿ ಕಿರಿದಾಗುತ್ತದೆ, ಅಲ್ಲಿ ಇಬ್ಬರು ಪಕ್ಕಪಕ್ಕ ನಡೆಯುವುದು ಕಷ್ಟ. ಅದರ ನಟ್ಟನಡುವೆ ನಿಂತಳು.

ಮೊದಲು ಬಂದವರು ಪ್ರೈಸ್ ಅಣ್ಣತಮ್ಮಂದಿರು. ಅವಳನ್ನು ಕಂಡವರೇ ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ಹಾರಿ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಮನೆಯ ದಾರಿ ಹಿಡಿದರು. ಅವರ ಹಿಂದೆಯೇ ಚಾಪೆಲ್ಲಿನ ಹಿರಿಯ ಕ್ರಾಡಾಕ್ ಬಂದ. ಮೂಢನಂಬಿಕೆ ಪಾಪ ಎಂದು ಹೋದ ವಾರವಷ್ಟೇ ಎದೆ ತಟ್ಟಿ ಭಾಷಣ ಮಾಡಿದ್ದ ಮನುಷ್ಯ.

"ಕೆಟುರಾ, ನಾನು ಇದನ್ನೆಲ್ಲ ನಂಬೋನಲ್ಲ. ಸುವಾರ್ತೆಯಲ್ಲಿ ಎಲ್ಲೂ ಇದರ ಮಾತಿಲ್ಲ," ಎಂದ.

"ಹಾಗಾದ್ರೆ ಹೋಗಿ ಹಿರಿಯರೆ, ಸೇತುವೆ ನಿಮ್ಮದೇ."

"ಹೋಗ್ತಿದ್ದೆ. ಯಾಕೋ ಬೆಳಗ್ಗೆಯಿಂದ ಸೊಂಟ ಹಿಡ್ಕೊಂಡಿದೆ," ಎಂದವನು, ಸೊಂಟ ಹಿಡಿದವರು ಯಾರೂ ನಡೆಯದ ವೇಗದಲ್ಲಿ ಬೆಟ್ಟ ಹತ್ತಿದ.

ಒಬ್ಬ ಹುಡುಗುಬುದ್ಧಿಯ ದಾಂಡಿಗ ಟೋಪಿಯಿಂದ ಮುಖವನ್ನೆಲ್ಲ ಮುಚ್ಚಿಕೊಂಡು ಕುರುಡನ ಹಾಗೆ ಕೈಚಾಚಿ ಬಂದ. "ಕೆಟುರಕ್ಕ, ನಾನು ನಿನ್ನ ನೋಡಿಲ್ಲ. ನೀನು ನನ್ನ ನೋಡಿದ್ಯಾ?"

"ಒಂದು ಕಣ್ಣಲ್ಲಿ ನೋಡ್ದೆ ಕಣಪ್ಪ."

"ಯಾವ ಕಣ್ಣಲ್ಲಿ?"

"ಅದು ನನಗೂ ಗೊತ್ತಾಗಲ್ಲ."

ಒಂದು ಕಣ್ಣಿಗೆ ಅರ್ಧ ದಿನದ ಅಪಶಕುನವೋ ಪೂರ್ತಿ ದಿನದ್ದೋ ಎಂಬ ಚರ್ಚೆ ಅಲ್ಲೇ ದಾರಿಯಲ್ಲಿ ನಡೆಯಿತು. ಯಾವುದಕ್ಕೂ ಪೂರ್ತಿ ದಿನ ಅಂತಲೇ ಇಟ್ಟುಕೊಳ್ಳುವುದು ಕ್ಷೇಮ ಎಂದು ತೀರ್ಮಾನವಾಯಿತು. ಸೋಮವಾರದ ಬೆಳಗು, ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ, ಗಂಡಸರ ಭಕ್ತಿ ಉಕ್ಕಿ ಹರಿಯಿತು. ಬಂದವರು ಬಂದ ಹಾಗೆ ತಿರುಗಿದರು. ಕೆಟುರಾಳಿಗೆ ಒಳಗೊಳಗೇ ಖುಷಿಯೂ ಆಯಿತು ಅನ್ನಿ. ಇಷ್ಟು ವರ್ಷ ಇವರಿಗೆ ಹೆದರಿ ಅವಳು ಪರದೆಯ ಹಿಂದೆ ಕೂತಿದ್ದಳು, ಇವತ್ತು ಇವರು ಅವಳಿಗೆ ಹೆದರಿ ಬಾಲ ಮುದುರಿಕೊಂಡು ಓಡುತ್ತಿದ್ದರು.

ಆಮೇಲೆ ಗೋಮರ್ ಬಂದ. ದಾರಿಯಲ್ಲಿ ಗೆಳೆಯನೊಬ್ಬನಿಗೆ ಕಾದು ತಡವಾಗಿತ್ತು. ಆ ಗೆಳೆಯ ಅವಳನ್ನು ನೋಡಿದ ಕೂಡಲೇ ಮಾಯವಾದ. ಗೋಮರ್ ಮಾತ್ರ ನಿಂತ. ಅವನ ಕಿವಿ ಕೆಂಪಾಗಿತ್ತು.

"ಏನಮ್ಮ ಇದು? ಟೋಪಿ ಬೇರೆ ಹಾಕ್ಕೊಂಡಿದೀಯ."

"ಎಲ್ಲರೂ ಮನೆಗೆ ಹೋದ್ರು. ನೀನೂ ನಡಿ ಮಗ. ಮರ ಬರೋ ತನಕ ಇಳೀಬೇಡ."

"ಎಬೆನ್ ಮಾಮ ಕಿವಿ ಊದಿದಾನೆ ಅಲ್ವಾ? ನಾನು ಇವತ್ತು ಮನೆಗೆ ಬಂದ್ರೆ, ಅಮ್ಮ ಶಾಲಲ್ಲಿ ಕಟ್ಕೊಂಡು ಹೋದ್ಲು ಅಂತ ಊರೆಲ್ಲ ಹಾಡು ಕಟ್ತಾರೆ. ಆ ಹಾಡಿಗೆ ರಾಗ ಹಾಕೋರು ನಮ್ಮ ಚಾಪೆಲ್ಲಲ್ಲೇ ಹತ್ತು ಜನ ಇದಾರೆ."

"ಹಾಡಲಿ ಬಿಡೋ. ನಾನು ಎದುರಾಗಿದೀನಿ. ಶಾಸ್ತ್ರ ಶಾಸ್ತ್ರವೇ."

ಗೋಮರ್ ನಕ್ಕ. ಸಿಟ್ಟಿನಲ್ಲೂ ಅವನಿಗೆ ನಗು ಬರುತ್ತಿತ್ತು, ಅದು ಅಪ್ಪನ ಗುಣ. ಅವಳ ಎರಡೂ ಭುಜ ಹಿಡಿದು, ಬೀರು ಸರಿಸಿದ ಹಾಗೆ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಮನೆಯವರು ಲೆಕ್ಕಕ್ಕಿಲ್ಲ ಕಣಮ್ಮ," ಎಂದು ಹೇಳಿ ಸೇತುವೆ ದಾಟಿದ.

ಇಥೆಲ್ ಕೆಟುರಾಳಿಗೆ ಹೇಳಿದ ಕೊನೆಯ ಮಾತೂ ಅದೇ. ಅವತ್ತು ಅವನು ಊಟದ ಡಬ್ಬಿ ಮರೆತು ಹೊರಟಿದ್ದ. ಅವಳು ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಓಡಿ ಬಂದು ಇಲ್ಲೇ, ಇದೇ ಸೇತುವೆಯ ಮೇಲೆ, ಅವನಿಗೆ ಎದುರಾಗಿ ಡಬ್ಬಿ ಕೊಟ್ಟಿದ್ದಳು. ಕೊಟ್ಟಮೇಲೆ ತನ್ನ ಕಣ್ಣಿನ ನೆನಪಾಗಿ ನಾಲಿಗೆ ಕಚ್ಚಿಕೊಂಡಿದ್ದಳು. ಅವನು ನಕ್ಕು, ಮನೆಯವಳು ಲೆಕ್ಕಕ್ಕಿಲ್ಲ ಕಣೇ, ಎಂದು ಅವಳ ಕೆನ್ನೆ ತಟ್ಟಿ ಹೋಗಿದ್ದ. ಮಧ್ಯಾಹ್ನ ಅವನನ್ನು ಹಲಗೆಯ ಮೇಲೆ ತಂದರು. ಡಬ್ಬಿಯ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಊರು ತನ್ನ ಕಣ್ಣಿಗೆ ಹೆದರುವುದು ಸುಮ್ಮನೆ ಅಲ್ಲ ಎಂದು ಆ ಊರಿನಲ್ಲಿ ನಿಜವಾಗಿ ನಂಬಿದ್ದವಳು ಅವಳೊಬ್ಬಳೇ. ಉಳಿದವರೆಲ್ಲ ಅಭ್ಯಾಸಬಲದಿಂದ ನಂಬಿದ್ದರು.

ಅವತ್ತು ಅವಳು ಗಂಡನ ಮಾತಿಗೆ ನಕ್ಕು ಮನೆಗೆ ತಿರುಗಿದ್ದಳು. ಇವತ್ತು ಶಾಲು ಸೊಂಟಕ್ಕೆ ಬಿಗಿದು ಮಗನ ಹಿಂದೆ ಹೊರಟಳು.

ಗಣಿಬಾವಿಯ ಬಾಯಲ್ಲಿ ಆಳುಗಳನ್ನು ಇಳಿಸುವ ಕಬ್ಬಿಣದ ಪಂಜರ ನಿಂತಿತ್ತು. ಗೋಮರ್ ದೀಪ ತೆಗೆದುಕೊಂಡು ಒಬ್ಬನೇ ಅದರೊಳಗೆ ಹೋಗಿ ನಿಂತ. ಕದ ಹಾಕಬೇಕಾದ ಆಳು ಕದಕ್ಕೆ ಕೈ ಹಾಕಿದವನು ಕೆಟುರಾ ಬರುವುದನ್ನು ನೋಡಿ, "ಅಯ್ಯಯ್ಯೋ!" ಎಂದು ಕಿರುಚಿ ಕಲ್ಲಿದ್ದಲ ಡಬ್ಬಿಬಂಡಿಗಳ ಹಿಂದೆ ಅಡಗಿದ. ಅವಳು ನೇರ ಬಂದು ಪಂಜರದೊಳಗೆ ಹೆಜ್ಜೆಯಿಟ್ಟಳು. ಮಗನ ಪಕ್ಕ ನೆಲದ ಮೇಲೆ ಲಂಗ ಸರಿಮಾಡಿಕೊಂಡು ಕೂತಳು. ಮೇಲೆ ಎಂಜಿನ್ ಮನೆಯಲ್ಲಿ ಪಂಜರದ ಹಗ್ಗ ಬಿಡುವವನು ಕಿಟಕಿಯಿಂದ ಇದನ್ನು ಕಂಡು, ಹಿಡಿಯಿಂದ ಕೈ ತೆಗೆದು, ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

"ಅಮ್ಮಾ, ಮಾನ ಕಳೀಬೇಡ, ಇಳಿ."

"ನೀನಿಳಿ, ನಾನಿಳೀತೀನಿ."

"ಹೆಂಗಸರು ಕೆಳಗೆ ಹೋಗೋ ಹಾಗಿಲ್ಲ. ಕಾನೂನಿದೆ."

"ಕೆಳಗೆ ಎಲ್ಲಿ ಹೋಗಿದೀನಿ? ಮೇಲೇ ಕೂತಿದೀನಿ. ಕೂರಬಾರದು ಅಂತ ಕಾನೂನಿದ್ರೆ ತೋರ್ಸು."

ಸುದ್ದಿ ಬೆಟ್ಟದ ಮೇಲಿನ ಮನೆಗಳಿಗೆ ಬೂಟಿಗಿಂತ ಬೇಗ ಹತ್ತಿತು. ಮನೆಗೆ ತಿರುಗಿದ್ದ ಪಾಳಿಯೆಲ್ಲ ಹೆಂಡತಿಯರನ್ನು ಕಟ್ಟಿಕೊಂಡು ಇಳಿದು ಬಂತು. ಬಂದವರು ನೋಡಬೇಕು, ಆದರೆ ನೋಡುವ ಹಾಗಿಲ್ಲ. ಅದಕ್ಕೆ ಗಂಡಸರೆಲ್ಲ ಗಣಿಬಾವಿಗೆ ಬೆನ್ನು ಹಾಕಿಕೊಂಡು ಸಾಲಾಗಿ ನಿಂತರು, ಹೆಂಗಸರು ಅವರಿಗೆ ಏನೇನಾಗುತ್ತಿದೆ ಎಂದು ಹೇಳುತ್ತಿದ್ದರು. ಅಷ್ಟೊಂದು ಬೆನ್ನುಗಳನ್ನು ಒಟ್ಟಿಗೆ ನಾನು ಬೇರೆಲ್ಲೂ ನೋಡಿಲ್ಲ. ಕ್ರಾಡಾಕನ ಸೊಂಟವೂ ಅಷ್ಟರಲ್ಲಿ ವಾಸಿಯಾಗಿತ್ತು.

ಬೀವನ್ ಸಾಹೇಬರು ಬಟ್ಟಲು ಟೋಪಿ ಒತ್ತಿಕೊಂಡು ಕಚೇರಿಯಿಂದ ದಾಪುಗಾಲು ಹಾಕುತ್ತ ಬಂದರು. ಬಂಡಿಗಳು ನಿಂತಿವೆ, ಪಂಜರ ಎಳೆಯುವ ಚಕ್ರ ನಿಂತಿದೆ, ಬೆಳಗಿನಿಂದ ಒಂದು ಹಿಡಿ ಕಲ್ಲಿದ್ದಲು ಮೇಲೆ ಬಂದಿಲ್ಲ.

"ಏನಿದು ಮಂಗಾಟ? ಈ ಕಾಲದಲ್ಲೂ ಇದನ್ನೆಲ್ಲ ನಂಬ್ತಾರಾ? ನಾನಂತೂ ನಂಬೋನಲ್ಲ!" ಎಂದು ಗುಡುಗಿದರು. ಗುಡುಗಿದ್ದೆಲ್ಲ ಕೆಟುರಾಳ ಬೂಟಿಗೆ. ಅಲ್ಲಿಂದ ಮೇಲಕ್ಕೆ ಅವರ ದೃಷ್ಟಿ ಏರಲೇ ಇಲ್ಲ.

"ನಂಬಬೇಡಿ ಸಾಹೇಬ್ರೆ. ಬನ್ನಿ, ಕೈ ಹಿಡಿದು ನನ್ನನ್ನ ಹೊರಗೆ ಕರ್ಕೊಂಡು ಹೋಗಿ. ಮುಖ ನೋಡಿ ಒಂದು ಮಾತು ಹೇಳಿ, ಎದ್ದು ಬರ್ತೀನಿ."

ಬೀವನ್ ಸಾಹೇಬರು ಕೆಮ್ಮಿದರು. "ಗೋಮರ್, ನಿಮ್ಮಮ್ಮನನ್ನ ಇಳಿಸು."

ಗೋಮರ್ ಕೆಳಗೆ ನೋಡಿದ. ಪಕ್ಕದಲ್ಲಿ ಕೂತ ಅಮ್ಮನ ಟೋಪಿ ಸಣ್ಣಗೆ ನಡುಗುತ್ತಿರುವುದು ಮೇಲಿನಿಂದ ಅವನಿಗೆ ಕಾಣುತ್ತಿತ್ತು. ಅವಳ ನಾಲಿಗೆ ತಮಾಷೆ ಮಾಡುತ್ತಿತ್ತು, ಮೈ ಹೆದರಿ ಸತ್ತಿತ್ತು. ಅವನ ಹಟ ಅಲ್ಲೇ ಕರಗಿತು.

"ನಾನು ಹುಟ್ಟಿದಾಗಿನಿಂದ ಅವಳು ನನ್ನ ಮಾತು ಕೇಳಿದ್ದೇ ಇಲ್ಲ ಸಾಹೇಬ್ರೆ," ಎಂದ. "ಅವಳಿಗೇನು ಬೇಕೋ ಕೇಳಿ ನೋಡಿ."

"ಮರ ಬೇಕು. ನನ್ನ ಮಗನ ಜಾಗಕ್ಕೆ ಊರೆಮರ ಬೇಕು. ಮರ ಒಳಗೆ, ನಾನು ಹೊರಗೆ," ಎಂದಳು ಕೆಟುರಾ.

"ಹೇಳಿದೀನಲ್ಲಮ್ಮ, ಹಡಗು ಇನ್ನೂ…"

"ಹಡಗು ಅಂಗಳದಲ್ಲೇ ಲಂಗರು ಹಾಕಿದೆ ಸಾಹೇಬ್ರೆ," ಎಂದಿತು ಬೆನ್ನುಗಳ ಸಾಲಿನಿಂದ ಒಂದು ಮುದಿ ಧ್ವನಿ. "ಲಾಯದ ಹಿಂದೆ, ಟಾರ್ಪಾಲಿನ ಕೆಳಗೆ."

ಆ ಮರ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಕಾರ್ಡಿಫಿನಿಂದ ಮಾಲೀಕರು ಯಾವಾಗಾದರೂ ನೋಡಲು ಬಂದರೆ ತೋರಿಸಲಿಕ್ಕೆಂದು ಎತ್ತಿಟ್ಟದ್ದು, ನಮ್ಮ ಮನೆಗಳಲ್ಲಿ ಪಾದ್ರಿಗಳಿಗೋಸ್ಕರ ಹೂವಿನ ಚಿತ್ರದ ಕಪ್ಪುಗಳನ್ನು ಎತ್ತಿಟ್ಟ ಹಾಗೆ. ಎತ್ತಿಟ್ಟದ್ದನ್ನು ಮುಟ್ಟಬಾರದು ಎಂಬ ಸಂಸ್ಕಾರ ಎಲ್ಲರಲ್ಲೂ ಎಷ್ಟು ಗಟ್ಟಿಯಾಗಿತ್ತೆಂದರೆ, ಜೀವ ಹೋಗುವ ಹೊತ್ತಿಗೂ ಅದನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈಗ ಹೊಳೆಯಿತು. ಬೆನ್ನುಗಳು ಗೊಣಗತೊಡಗಿದವು. ಬೀವನ್ ಸಾಹೇಬರು ನಿಂತ ಚಕ್ರವನ್ನು ನೋಡಿದರು, ಬೆನ್ನುಗಳನ್ನು ನೋಡಿದರು, ಬೂಟುಗಳನ್ನು ನೋಡಿದರು.

"ತನ್ನಿ," ಎಂದರು.

ಮರಗಳು ಪಂಜರದ ಬಾಯಿಗೆ ಬಂದಮೇಲೆ ಕೆಟುರಾ ಎದ್ದು, ಲಂಗ ಕೊಡವಿಕೊಂಡು, ಹೊರಗೆ ಬಂದಳು. ಗೋಮರನೂ ಎಬೆನೀಜರನೂ ಮರದ ಜೊತೆ ಇಳಿದರು. "ನನ್ನ ವಯಸ್ಸಿಗೆ ಅಪಶಕುನವೂ ಹಲ್ಲು ಹಚ್ಚಲ್ಲ," ಎಂದ ಎಬೆನೀಜರ್. ಆದರೂ ಅವಳ ಪಕ್ಕ ದಾಟುವಾಗ ಕಣ್ಣು ಮುಚ್ಚಿಕೊಂಡೇ ದಾಟಿದ.

ಅವರು ಬಹಳ ಬೇಗ ಮೇಲೆ ಬಂದರು. ಇಳಿಸಿದ ಮರವೆಲ್ಲ ಹಾಗೇ ವಾಪಸ್ಸು ಬಂದಿತ್ತು. ಗೋಮರನ ಮುಖಕ್ಕೆ ಕಲ್ಲಿದ್ದಲ ಮಸಿ ಇನ್ನೂ ಹತ್ತಿರಲಿಲ್ಲ, ಆದರೆ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾತಾಡಿದವನು ಎಬೆನೀಜರ್.

"ಮರ ನಿಲ್ಲಿಸೋಕೆ ಅಲ್ಲಿ ಜಾಗವೇ ಇಲ್ಲ. ಬಿದ್ದುಹೋಗಿದೆ. ನಾವು ಹೋದಾಗ ಧೂಳು ಇನ್ನೂ ಆಡ್ತಿತ್ತು. ಈ ಹುಡುಗ ಮಂಡಿಯೂರಿ ಕೂರ್ತಾನಲ್ಲ, ಅಲ್ಲಿ ನಮ್ಮ ಚಾಪೆಲ್ ಬಾಗಿಲಷ್ಟು ದೊಡ್ಡ ಕಲ್ಲು ಮಲಗಿದೆ."

ಕೆಟುರಾ ಮಗನ ತೋಳು ಹಿಡಿದುಕೊಂಡಳು, ಬಿಡಲಿಲ್ಲ. ಬೀವನ್ ಸಾಹೇಬರು ಟೋಪಿ ತೆಗೆದು ಒಳಗೆ ಏನೋ ಹುಡುಕುವವರ ಹಾಗೆ ಅದನ್ನೇ ನೋಡುತ್ತ ನಿಂತರು. ಆಗ ಪ್ರೈಸ್ ಅಣ್ಣತಮ್ಮಂದಿರಲ್ಲಿ ಹಿರಿಯವನು ಬೆನ್ನು ಹಾಕಿಕೊಂಡೇ ಜೋರಾಗಿ ಹೇಳಿದ:

"ನೋಡಿದ್ರಾ? ನಾವು ಹೇಳ್ಲಿಲ್ವಾ? ಅವಳು ಎದುರಾದ್ಲು, ಸೂರು ಬಿತ್ತು!"

ಹೌದು ಹೌದು ಎಂದು ಎಲ್ಲ ಬೆನ್ನುಗಳೂ ತಲೆಯಾಡಿಸಿದವು. ಬುದ್ಧಿಗೆ ಏನನ್ನೋಣ! ಬೀಸುವ ದೊಣ್ಣೆ ತಪ್ಪಿತಲ್ಲ ಎಂದು ಸಂತೋಷಪಡುವ ಬದಲು, ದೊಣ್ಣೆ ಬೀಸಿದವಳು ಯಾರು ಎಂದು ಹುಡುಕುವ ಜನ. ಕೆಟುರಾ ಮಗನ ತೋಳು ಬಿಡದೆಯೇ ಅವರ ಕಡೆ ತಿರುಗಿದಳು.

"ಹೌದು ಕಣ್ರಪ್ಪ, ನಾನೇ ಬೀಳಿಸ್ದೆ. ಬೀಳಿಸೋ ಮುಂಚೆ ನಿಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸ್ದೆ. ಇಂಥ ಮರ್ಯಾದಸ್ಥ ಅಪಶಕುನ ಇನ್ನೆಲ್ಲಿ ಸಿಗುತ್ತೆ ನಿಮಗೆ?"

ಹೆಂಗಸರು ಮೊದಲು ನಕ್ಕರು. ಆಮೇಲೆ ಗಂಡಸರ ಬೆನ್ನುಗಳೂ ಕುಲುಕಾಡಿದವು. ಟಾರ್ಪಾಲಿನ ಕೆಳಗಿನ ಮರ ಅವತ್ತೇ ಪೂರ್ತಿ ಕೆಳಗೆ ಹೋಯಿತು. ಸಂಜೆಯ ಹೊತ್ತಿಗೆ ಕ್ರಾಡಾಕ್ ಅವಳ ಬಾಗಿಲಿಗೆ ಬಂದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಪಡುವಣ ಕಡೆಯ ಸುರಂಗದಲ್ಲೂ ಮರ ಸಾಲದು, ಗುರುವಾರ ಬೆಳಗ್ಗೆ ಬಿಡುವಿದ್ದರೆ ಸ್ವಲ್ಪ ಎದುರಾಗಲಿಕ್ಕೆ ಆಗುತ್ತದೆಯೇ ಎಂದು ಬಹಳ ವಿನಯದಿಂದ ವಿಚಾರಿಸಿದ. ಯೋಚನೆ ಮಾಡಿ ಹೇಳುತ್ತೇನೆ ಎಂದಳು ಕೆಟುರಾ.

ಅವನನ್ನು ಕಳಿಸಿ ಒಳಗೆ ಬಂದಾಗ ಗೋಮರ್ ಬೆಂಕಿಯ ಮುಂದೆ ಬಾನಿಯಲ್ಲಿ ಕೂತು ಮೈ ತೊಳೆಯುತ್ತಿದ್ದ. ಮಧ್ಯಾಹ್ನವೆಲ್ಲ ಅವನು ಬಿದ್ದ ಕಲ್ಲನ್ನು ಒಡೆದು ಸಾಗಿಸಿದ್ದ. ಎಬೆನೀಜರ್ ತನ್ನ ಕುರ್ಚಿಯಲ್ಲಿ ಚಹಾಕ್ಕೆ ಕಾಯುತ್ತಿದ್ದ. ಕೆಟುರಾ ರೊಟ್ಟಿ ಕೊಯ್ಯಲು ಚಾಕು ತೆಗೆದುಕೊಂಡಳು. ಇವತ್ತು ಕಲ್ಲು ಬಿದ್ದದ್ದು ತನ್ನಿಂದ ಎಂದು ಊರು ಹೇಳಿದಾಗ ಅವಳೂ ಹೌದೆಂದು ಎಲ್ಲರನ್ನೂ ನಗಿಸಿದ್ದಳು. ಆದರೆ ಇದು ಅವಳಿಂದಲೇ ಬಿದ್ದದ್ದಾದರೆ, ಇಥೆಲನ ಮೇಲೆ ಬಿದ್ದದ್ದೂ ಅವಳಿಂದಲೇ ಬಿದ್ದದ್ದು.

"ಎಬೆನಣ್ಣ," ಎಂದಳು, ತಿರುಗದೆ. "ಇಥೆಲ್ ಹೋದ ದಿನಾನೂ ನಾನು ಎದುರಾಗಿದ್ದೆ. ಊಟದ ಡಬ್ಬಿ ಕೊಡೋಕೆ ಓಡಿದ್ದೆ. ಇದನ್ನ ನಾನು ಯಾರಿಗೂ ಹೇಳಿಲ್ಲ. ನನ್ನಿಂದ್ಲೇ ಅವನು ಹೋಗಿದ್ದು ಅಲ್ವಾ?"

ಗೋಮರನ ಕೈಯಲ್ಲಿದ್ದ ಸೋಪು ನಿಂತಿತು. ಎಬೆನೀಜರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಡಬ್ಬಿನಾ? ಯಾವ ಡಬ್ಬಿ ಮಾರಾಯ್ತಿ! ಆ ವಾರವೆಲ್ಲ ನಮ್ಮ ಜಾಗದ ಸೂರು ಉದುರ್ತಿತ್ತು. ಇಥೆಲ್ ಎರಡು ಸಲ ಮೇಲೆ ಹೋಗಿ ಮರ ಕೇಳ್ದ. ಕೊಡಲಿಲ್ಲ. ಅವತ್ತು ನಾನು ಬಂಡಿ ತಳ್ಳೋಕೆ ಈಚೆ ಬಂದಿದ್ದೆ, ಅದಕ್ಕೆ ಉಳಕೊಂಡೆ. ಮರ ಇರಲಿಲ್ಲ ಕೆಟುರಾ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಕೆಟುರಾ ತಿರುಗಿದಳು. ಚಾಕು ಕೈಯಲ್ಲೇ ಇತ್ತು, ಎಬೆನೀಜರ್ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದ.

"ಇಷ್ಟು ವರ್ಷ ನನ್ನ ಮನೆ ಚಹಾ ಕುಡಿದು, ಬಿಲ್ಲೆ ತಿಂದು ತೇಗಿದೀಯ. ಈ ಒಂದು ಮಾತು ಹೇಳೋಕೆ ಬಾಯಿ ಬರಲಿಲ್ವೇನೋ ಮುದುಕ ನಿನಗೆ?"

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣಮ್ಮ. ಸೂರು ಸರಿಯಿಲ್ಲ ಅಂತ ಇಥೆಲ್ ನಿನಗೆ ಹೇಳಿರ್ತಾನೆ ಅಂತ."

ಇಥೆಲ್ ಹೇಳಿರಲಿಲ್ಲ. ಆ ಬೆಳಗ್ಗೆ ಸೇತುವೆಯ ಮೇಲೆ ಅವನು ನಕ್ಕು ಕೆನ್ನೆ ತಟ್ಟಿದಾಗ ಅವನಿಗೆ ಎಲ್ಲ ಗೊತ್ತಿತ್ತು. ಅವಳು ಹೆದರದಿರಲಿ ಎಂದು ನಕ್ಕಿದ್ದ. ಅವಳು ಬಾನಿಯಲ್ಲಿ ಕೂತ ಮಗನನ್ನು ನೋಡಿದಳು.

"ನೀನೂ ನನಗೆ ಹೇಳಲಿಲ್ಲ."

ಗೋಮರ್ ತಲೆ ತಗ್ಗಿಸಿದ. "ನೀನು ಹೆದರ್ತೀಯ ಅಂತ ಹೇಳಲಿಲ್ಲ ಅಮ್ಮ."

"ಹೆದರ್ತೀನಿ ಕಣೋ! ಹೆದರದೆ ಏನು ಮಾಡ್ಲಿ? ಹೆದರಿದ್ದಕ್ಕೇ ನೀನಿವತ್ತು ಇಲ್ಲಿ ಕೂತು ಸೋಪು ಹಚ್ಕೊತಿದೀಯ. ನಿಮ್ಮಪ್ಪ ನನ್ನನ್ನ ಹೆದರಿಸಿದ್ದಿದ್ರೆ ಅವನ ಕಾಲು ಹಿಡಿದಾದ್ರೂ ನಿಲ್ಲಿಸ್ತಿದ್ದೆ."

ಹಾಗೆಂದವಳು ಚಾಕು ಮೇಜಿನ ಮೇಲಿಟ್ಟು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಂಡನನ್ನು ಹೂತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ತನ್ನಿಂದ ಸತ್ತವನಿಗೆ ಅಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಳು. ಗೋಮರನಿಗೆ ಬಾನಿಯಿಂದ ಏಳುವ ಹಾಗಿರಲಿಲ್ಲ, ಒದ್ದೆ ಕೈ ಚಾಚಿ ಅವಳ ಲಂಗದ ಅಂಚು ಹಿಡಿದುಕೊಂಡ. ಎಬೆನೀಜರ್ ಎದ್ದು ಕೆಟಲು ತೆಗೆದು, ಆ ಮನೆಯಲ್ಲಿ ಮೊದಲ ಸಲ ತಾನೇ ಮೂವರಿಗೂ ಚಹಾ ಬಗ್ಗಿಸಿದ. ಅರ್ಧ ಮೇಜಿನ ಮೇಲೆ ಚೆಲ್ಲಿತು, ಯಾರೂ ಅವನನ್ನು ಬೈಯಲಿಲ್ಲ.